ಚನ್ನೇಶನ ತಾಯಂದಿರು

ಹಾವಿನ ದ್ವೇಷ ಹನ್ನೆರಡು ವರುಷ ಅಂತಾರೆ. ಸರೋಜವ್ವನಿಗೆ ಅಷ್ಟು ಪುರಸೊತ್ತಿರಲಿಲ್ಲ. ಹೊಟ್ಟೆಯೊಳಗಿನ ಗಡ್ಡೆ ಬಲಿತಿತ್ತು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಚೆಲ್ಲಲಿ ಬಿಡು, ಎಂದಳು ಆಕೆ. ಸಾಯುವುದರ ಬಗ್ಗೆ ಅವಳ ತಕರಾರೇನೂ ಇರಲಿಲ್ಲ. ಸಾಯುವುದರೊಳಗೆ ಚನ್ನೇಶನ ಮೇಲೆ ಗೆಳತಿ ಹೊನ್ನವ್ವನ ಸಾವಿನ ಸೇಡು ತೀರಿಸಿಕೊಳ್ಳಬೇಕಿತ್ತು, ಅಷ್ಟೇ.

ಚನ್ನೇಶ ಅಕ್ಕಿಆಲೂರಿನ ಅಂಚಿನಲ್ಲಿದ್ದ ವೃದ್ಧಾಶ್ರಮದ ಯಜಮಾನ. ಅಪ್ಪನ ಅಕ್ಕಿ ಗಿರಣಿಯ ಹಳೆಯ ಗೋದಾಮಿಗೆ ಸುಣ್ಣ ಬಳಿದು, ಮಂಚ ಹಾಕಿ, ಮುದುಕಿಯರನ್ನು ಇಟ್ಟುಕೊಂಡಿದ್ದ. ಊಟಕ್ಕೆ ಕಡಿಮೆ ಮಾಡಿದವನಲ್ಲ, ಅದನ್ನು ಸರೋಜವ್ವನೂ ಒಪ್ಪುತ್ತಿದ್ದಳು. ಯಾರಾದರೂ ಮಕ್ಕಳ ಹುಟ್ಟುಹಬ್ಬಕ್ಕೆ ಇಲ್ಲಿ ಹೋಳಿಗೆ ಊಟ ಹಾಕಿಸಲು ಬಂದರೆ ಮಾತ್ರ ಅವನ ನಾಲಿಗೆಗೆ ಲಗಾಮು ಇರುತ್ತಿರಲಿಲ್ಲ. ಮುದುಕಿಯರನ್ನು ಸಾಲಾಗಿ ಕೂರಿಸಿ ಮೈಕು ಹಿಡಿಯುತ್ತಿದ್ದ.

"ಇವರೆಲ್ಲಾರೂ ನನ್ನ ತಾಯಂದಿರ್ರಿ. ಇವರಿಗೆ ಮಗಾ ಅಂದ್ರ ನಾನ. ನಮ್ಮ ಆಶ್ರಮದಾಗ ಇವತ್ತಿನವರೆಗೂ ಒಂದ ಒಂದು ಸಾವು ಆಗಿಲ್ಲ!"

ಜನ ಚಪ್ಪಾಳೆ ತಟ್ಟುತ್ತಿದ್ದರು. ಸಾವು ಆಗಿರಲಿಲ್ಲ, ಖರೆ. ಆಗಗೊಟ್ಟರೆ ತಾನೆ? ಯಾರಿಗಾದರೂ ಉಸಿರು ಮೇಲಾಯಿತೆಂದರೆ ವ್ಯಾನು ಬಾಗಿಲಿಗೆ ಬರುತ್ತಿತ್ತು. ದೂರದ ದೊಡ್ಡ ದವಾಖಾನೆ ಎಂಬ ಹೆಸರಿನಲ್ಲಿ ಅವರನ್ನು ಹೊರಡಿಸಿಬಿಡುತ್ತಿದ್ದ. ಗುಣವಾಗುವ ಜಡ್ಡಲ್ಲ ಎಂದು ಗೊತ್ತಿದ್ದರೂ ಅಷ್ಟೇ. ಸಾವಾದ ಜಾಗದಲ್ಲಿ ಹೋಳಿಗೆ ಹಂಚಲು ಯಾರು ಬರುತ್ತಾರೆ ಎಂಬುದು ಅವನ ಭಯ. ಸೂತಕವೇ ಇಲ್ಲ ಎಂದು ಲಿಂಗ ಕಟ್ಟಿಕೊಂಡ ಮನೆತನದಲ್ಲಿ ಹುಟ್ಟಿ, ಸೂತಕಕ್ಕೆ ಹೆದರಿ ಸಾಯುವ ಗಂಡಸು!

ಹಿರೇಕೆರೂರು ಕಡೆಯ ಹೊನ್ನವ್ವ ಸರೋಜವ್ವನ ಪಕ್ಕದ ಮಂಚದವಳು. ಎಲೆ ಅಡಿಕೆಯಿಂದ ಹಿಡಿದು ಬೈಗುಳದವರೆಗೆ ಇಬ್ಬರದೂ ಒಂದೇ ಸಂಚಿ. ಆಕೆಗೆ ಉಸಿರು ಮೇಲಾದ ದಿನ ಸರೋಜವ್ವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನನ್ನ ಇಲ್ಲೇ ಬಿಡ್ರೋ ಯಪ್ಪಾ" ಎಂದಳು. ಚನ್ನೇಶ ಅವಳ ಬೆರಳು ಒಂದೊಂದಾಗಿ ಬಿಡಿಸಿದ. ಸಂಜೆ ವ್ಯಾನಿನ ಡ್ರೈವರ್ ಮಲ್ಲಿಕಸಾಬ ಮರಳಿ ಬಂದು ಸರೋಜವ್ವನ ಮುಂದೆ ನೆಲಕ್ಕೆ ಕುಕ್ಕರಿಸಿದ.

"ನೀರು ನೀರು ಅಂದ್ಲು ಬೇ. ನಾ ಗಾಡಿ ಹೊಡ್ಯಾಂವ, ಹಿಂದ ಯಾರೂ ಇದ್ದಿದ್ದಿಲ್ಲ. ನಿಲ್ಲಿಸಿ, ಬಾಟ್ಲಿ ತಗೊಂಡು ಹೋಗೋದ್ರಾಗ ಮುಗದಿತ್ತು. ಹಾನಗಲ್ಲ ಇನ್ನೂ ಬಂದಿದ್ದಿಲ್ಲ."

ಸರೋಜವ್ವ ಅಳಲಿಲ್ಲ. ಹೊಟ್ಟೆಯ ಗಡ್ಡೆಗಿಂತ ದೊಡ್ಡದೊಂದು ಸಿಟ್ಟು ಎದೆಯಲ್ಲಿ ಕುಂತಿತು. ಆ ಸಿಟ್ಟು ಅವಳಿಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ನೋವು ಬಂದಾಗೆಲ್ಲ ಅದನ್ನೇ ಅಗಿಯುತ್ತ ಮಲಗಿದಳು.

ಹಾನಗಲ್ಲಿನ ಕಡೆಯಿಂದ ನರ್ಸ್ ಸಂಘಮಿತ್ರಾ ಬಂದು ಹೋಗುತ್ತಿದ್ದಳು. ಕೊನೆಗಾಲದವರಿಗೆ ನೋವಿನ ಔಷಧ ಕೊಟ್ಟು, ಹುಣ್ಣಾಗದಂತೆ ಮಗ್ಗಲು ಬದಲಿಸುವುದನ್ನು ಹೇಳಿಕೊಡುವುದು ಅವಳ ಕೆಲಸ. ಚನ್ನೇಶ ಅವಳ ಮಾತಿಗೆ ಹೂಂಗುಟ್ಟಿ ಚಹಾ ಕುಡಿಸಿ ಕಳಿಸುತ್ತಿದ್ದ.

"ನಾ ಇನ್ನ ಎಲ್ಲಿಗೆ ಹೋದ್ರೂ ಉಪಯೋಗ ಐತೇನವಾ?" ಎಂದು ಸರೋಜವ್ವ ಕೇಳಿದಳು.

"ಇಲ್ಲಬೇ. ಅಲ್ಲಿ ಮಾಡೂದನ್ನ ಇಲ್ಲೇ ಮಾಡಬಹುದು. ನಿಮ್ಮ ಹಾಸಗಿ ಮ್ಯಾಲ ಆರಾಮ ಇರ್ರಿ."

"ಇದನ್ನ ಎಲ್ಲಾರ ಮುಂದ ಹೇಳ್ತಿ?"

"ಯಾಕ ಹೇಳಬಾರದು? ಹೇಳ್ತೇನಿ."

ಸರೋಜವ್ವ ಹತ್ತಿಮತ್ತೂರಿನವಳು. ಅಲ್ಲಿ ಹೆಂಗಸರ ಭಜನಾ ಮೇಳ ಕಟ್ಟಿದವಳೇ ಅವಳು. ಊರಿನಲ್ಲಿ ಯಾರ ಜೀವ ತೊಳಲಾಡಿದರೂ ಅವಳು ತಾಳ ಹಿಡಿದು ಮಂಚದ ಪಕ್ಕ ಕೂರುತ್ತಿದ್ದಳು. ಒಮ್ಮೆ ಎತ್ತಿದ ಭಜನೆಯನ್ನು ಜೀವ ಹೋಗುವತನಕ ಬಿಡಬಾರದು, ಭಜನೆ ನಡೆದಾಗ ಮಂಚ ಅಲುಗಿಸಬಾರದು. ಇದು ಆ ಮೇಳದವರ ಹಟ. ಎಷ್ಟೋ ಮನೆಗಳ ಹಿರಿಯರು ಅವಳ ಪದ ಕೇಳುತ್ತ ಕಣ್ಣು ಮುಚ್ಚಿದ್ದರು. ಮೇಳವನ್ನು ಈಗ ನಡೆಸುತ್ತಿದ್ದವಳು ಶಾರವ್ವ.

ಗಂಜಿಯೂ ಇಳಿಯದಂತಾದ ದಿನ ಸರೋಜವ್ವ ಮಲ್ಲಿಕಸಾಬನ ಕೈಯಿಂದ ಶಾರವ್ವನಿಗೆ ಫೋನ್ ಮಾಡಿಸಿದಳು. ಮರುದಿನ ಬೆಳಗಾಗುತ್ತಲೇ ಆಶ್ರಮದ ಮುಂದೆ ಟೆಂಪೋ ನಿಂತಿತು. ತಾಳ, ದಮಡಿ, ಹಾರ್ಮೋನಿಯಂ ಹೊತ್ತು ಹೆಂಗಸರು ಇಳಿದರು. ಹಿಂದೆಯೇ ಸರೋಜವ್ವನ ಮಾರಿ ಕಡೆಯ ಸಲ ನೋಡಲು ಬಂದ ಹತ್ತಿಮತ್ತೂರಿನವರು. ಚನ್ನೇಶ ಓಡಿ ಬಂದ.

"ಏನ್ರಿ ಇದು? ಸರೋಜವ್ವಾರ್ನ ದವಾಖಾನಿಗೆ ಕಳಸಾಕತ್ತೇನಿ. ಮಲ್ಲಿಕಸಾಬ, ಗಾಡಿ ತಗಿ!"

ಮಲ್ಲಿಕಸಾಬ ಕಿವಿ ಕೇಳದವನಂತೆ ಗಾಡಿಯ ಗಾಜು ಒರೆಸುತ್ತ ನಿಂತ. ಸಂಘಮಿತ್ರಾ ಒಳಗಿನಿಂದ ಬಂದು ಎಲ್ಲರಿಗೂ ಕೇಳಿಸುವಂತೆ, "ಇವರನ್ನ ಎಲ್ಲಿಗೂ ಒಯ್ಯೂದು ಬ್ಯಾಡ್ರಿ. ಒಯ್ದ್ರ ತ್ರಾಸ ಅಷ್ಟ" ಎಂದಳು. ಶಾರವ್ವ ತಾಳ ಬಡಿದು ಪದ ಎತ್ತಿದಳು. ಅಲ್ಲಿಗೆ ಮಂಚ ಅಲುಗುವಂತಿರಲಿಲ್ಲ.

ಸರೋಜವ್ವ ಚನ್ನೇಶನನ್ನು ಸನ್ನೆ ಮಾಡಿ ಕರೆದಳು.

"ಕುಂದರು. ನನಗ ಹೊಟ್ಟಿಲೆ ಹುಟ್ಟಿದವರಿಲ್ಲ. ಮಗಾ ಅಂದ್ರ ನೀನ, ಮೈಕಿನ್ಯಾಗ ನೀನ ಹೇಳೀದಿ. ಬಾಯಾಗ ನೀರು ಬಿಡೂದು ಮಗನ ಕೆಲಸ."

ಅಷ್ಟು ಜನರ ಮುಂದೆ ಅವನು ಏನು ಮಾಡಿಯಾನು? ಕುಂತ. ಒಂದು ತಾಸಿನ ಮಾತು, ಹೆಚ್ಚೆಂದರೆ ಸಂಜೆಯವರೆಗೆ, ಎಂದುಕೊಂಡ. ಸರೋಜವ್ವನ ಲೆಕ್ಕವೂ ಅದೇ ಆಗಿತ್ತು. ಆದರೆ ಜೀವಕ್ಕೆ ಸಿಟ್ಟಿನ ರುಚಿ ಹತ್ತಿತ್ತು, ಅದು ಹೋಗಲು ಒಪ್ಪಲಿಲ್ಲ. ಮೇಳದವರು ಪಾಳಿ ಹಚ್ಚಿಕೊಂಡರು. ಚನ್ನೇಶನಿಗೆ ಪಾಳಿ ಇರಲಿಲ್ಲ. ಅವನು ಜಳಕಕ್ಕೆ ಎದ್ದರೂ ಶಾರವ್ವ ಪದದ ನಡುವೆಯೇ ಕಣ್ಣು ಕೆಕ್ಕರಿಸಿ, "ಲಗೂನ ಬಾರಪಾ ಮಗನ" ಎನ್ನುತ್ತಿದ್ದಳು.

ಸಂಘಮಿತ್ರಾ ತೋರಿಸಿದಂತೆ ಅವನು ಒದ್ದೆ ಹತ್ತಿಯಿಂದ ತುಟಿ ಒರೆಸಿದ, ಮಗ್ಗಲು ತಿರುಗಿಸಿದ, ಬೆನ್ನಿಗೆ ದಿಂಬು ಕೊಟ್ಟ. ಮೊದಮೊದಲು ಮೂಗು ಮುರಿದ. ಅವನ ಇಸ್ತ್ರಿ ಅಂಗಿಯ ಮೇಲೆ ವಾಂತಿಯಾದಾಗ ಸರೋಜವ್ವನಿಗೆ ನಾಚಿಕೆ ಬರಲಿಲ್ಲ, ಸಂತೋಷವೇ ಆಯಿತು. ತೂಕಡಿಸಿದರೆ ನರಳಿ ಎಬ್ಬಿಸುತ್ತಿದ್ದಳು. ಒಮ್ಮೊಮ್ಮೆ ನೋವಿಲ್ಲದಿದ್ದರೂ ನರಳಿದಳು.

"ಹೊನ್ನವ್ವ ಎಲ್ಲಿ ಸತ್ಲು?" ಎಂದು ಕೇಳುತ್ತಿದ್ದಳು.

"ದಾರ್ಯಾಗ್ರಿ."

"ಆಕಿ ಬಾಯಾಗ ನೀರು ಬಿಟ್ಟಾವರು ಯಾರು?"

"ಯಾರೂ ಇಲ್ರಿ."

"ಜೋರಾಗಿ ಹೇಳು. ಅಖ್ತರುನ್ನೀಸಾಗ ಕೇಳಸ್ಲಿ."

ಸವಣೂರಿನ ಅಖ್ತರುನ್ನೀಸಾ ಎದುರಿನ ಮಂಚದವಳು. ಕೆಮ್ಮಿ ಕೆಮ್ಮಿ ಎದೆಗೂಡು ಮಾತ್ರ ಉಳಿದಿದ್ದ ಹೆಂಗಸು. ಅವಳ ಆಚೆ ಮಂಚದ ನಾಗರತ್ನಾಳೂ ಉಳಿದ ಮುದುಕಿಯರೂ ಗೋಡೆಗೆ ಒರಗಿ ಕಿವಿ ನಿಗುರಿಸಿ ಕೇಳುತ್ತಿದ್ದರು. ಚನ್ನೇಶ ಜೋರಾಗಿ ಹೇಳಿದ. ದಿನಾ ಹೇಳಿದ.

ಕೊನೆಕೊನೆಗೆ ಅವನು ಮೂಗು ಮುರಿಯುವುದನ್ನು ಬಿಟ್ಟಿದ್ದ. ಅವಳ ಹುಬ್ಬು ಗಂಟಾದರೆ ಕೇಳದೆಯೇ ಮಗ್ಗಲು ಬದಲಿಸುತ್ತಿದ್ದ. ಒಂದು ಮಧ್ಯಾಹ್ನ ಅವಳ ಹಣೆಗೆ ವಿಭೂತಿ ಹಚ್ಚಿದವನು ಬಟ್ಟಲು ಕೆಳಗಿಟ್ಟ. ಅವಳ ಕಾಲು ಹಿಡಿದುಕೊಂಡ.

"ತಪ್ಪಾತು ಬೇ. ಆಕಿ ಬೆರಳು ನಾನ ಬಿಡಿಸೀನಿ. ಕಣ್ಣು ಮುಚ್ಚಿದ್ರ ಅದ ಕಾಣ್ತೈತಿ. ನೀವರ ಮಾಫಿ ಮಾಡ್ರಿ."

ಭಜನೆ ತಾನಾಗಿಯೇ ಸಣ್ಣಗಾಯಿತು. ಹೋಗುವ ಜೀವ, ಕ್ಷಮಿಸಿಬಿಡುತ್ತಾಳೆ ಎಂದು ಎಲ್ಲರೂ ಕಾದರು. ಶಾರವ್ವ ಆಗಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸರೋಜವ್ವ ಅವನನ್ನು ನೋಡಿದಳು. ಅವನು ಸೋತಿದ್ದ. ಅವಳಿಗೆ ಬೇಕಾದದ್ದು ಇದೇ ಆಗಿತ್ತು, ಆದರೂ ಸಾಕೆನಿಸಲಿಲ್ಲ.

"ಮಾಡೂದಿಲ್ಲ" ಎಂದಳು.

"ಯವ್ವಾ..."

"ಇವತ್ತ ಮಾಫಿ ಮಾಡಿದ್ರ ನೀ ನಾಳೆ ಹಾಯಾಗಿ ಮಲಗ್ತಿ. ಅಖ್ತರುನ್ನೀಸಾನ ಮುಂದ ಯಾರು ಕುಂದರ್ತಾರ? ಆಕಿ ಆದ ಮ್ಯಾಲ ನಾಗರತ್ನಾ ಅದಾಳ. ನಿನಗ ಅದು ಕಾಣ್ಲಿ. ಕಣ್ಣು ಮುಚ್ಚಿದಾಗೆಲ್ಲಾ ಕಾಣ್ಲಿ."

ಅಷ್ಟು ಹೇಳಿ ಮುಖ ಗೋಡೆಗೆ ತಿರುಗಿಸಿದಳು. ಮರುದಿನ ಹೊತ್ತೇರುವ ಮೊದಲು, ತನ್ನ ಹಾಸಿಗೆಯ ಮೇಲೆ, ತಾನು ಕಲಿಸಿದ ಪದ ಕೇಳುತ್ತ ಹೋದಳು. ಚನ್ನೇಶ ಹಡೆದ ತಾಯಿಯೇ ಸತ್ತಂತೆ ಅತ್ತ. ಯಾರೂ ಅವನಿಗೆ ಸಮಾಧಾನ ಹೇಳಲಿಲ್ಲ. ಎದುರಿನ ಮಂಚದಲ್ಲಿ ಅಖ್ತರುನ್ನೀಸಾಳಿಗೆ ಕೆಮ್ಮು ಹತ್ತಿತು. ಅವನು ಕಣ್ಣು ಒರೆಸಿಕೊಂಡು ಎದ್ದು ಆ ಕಡೆ ನಡೆದ.