ಮೂರನೇ ಶಾಲೆಯ ಮಧ್ಯಾಹ್ನ

ಬಸ್ಸು ದಿಂಬಂ ಘಾಟಿಯ ತಿರುವುಗಳನ್ನು ಒಂದೊಂದಾಗಿ ಇಳಿಯುತ್ತಿತ್ತು. ಚೌಡಮ್ಮ ಮುಂದಿನ ಸೀಟಿನ ಕಂಬಿಗೆ ಹಣೆಯೊತ್ತಿ ಕಣ್ಣು ಮುಚ್ಚಿದ್ದಳು. ಪಕ್ಕದಲ್ಲಿ ಮಗಳು ಸುಧಾಮಣಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಹಿಂದಿನ ಸೀಟಿನಲ್ಲಿದ್ದ ಗಂಡ ಚಿಕ್ಕಮಾದ, ಎಲೆಕೋಸಿನ ಕಟಾವು ಬಿಟ್ಟು ಬಂದದ್ದಕ್ಕೆ ಹಾಸನೂರು ದಾಟುವವರೆಗೂ ಗೊಣಗಿ, ಈಗ ಸಾಕಾಗಿ ಸುಮ್ಮನಾಗಿದ್ದ. ಶಿವರಾತ್ರಿ ಕಳೆದ ಮೇಲೆ ಅವರು ನೋಡಲು ಹೊರಟ ಮೂರನೇ ಶಾಲೆ ಇದು.

ಊರಿನ ಕನ್ನಡ ಶಾಲೆ ಐದನೇ ಕ್ಲಾಸಿಗೆ ಮುಗಿಯುತ್ತಿತ್ತು. ಸುಧಾಮಣಿ ಒಮ್ಮೆ ಕೇಳಿದ ಪದ್ಯವನ್ನು ಮರೆಯದ ಹುಡುಗಿ. ಇವಳನ್ನು ಬೆಟ್ಟದ ಮೇಲೆ ಇಟ್ಟುಕೊಂಡು ಕೋಸು ಕುಯ್ಯಿಸಬೇಡಿ ಎಂದು ಗುರುಸ್ವಾಮಿ ಮೇಷ್ಟ್ರು ಮನೆ ಬಾಗಿಲಿಗೇ ಬಂದು ಹೇಳಿಹೋಗಿದ್ದರು. ಕೂಲಿ ಎಲ್ಲಾದರೂ ಸಿಗುತ್ತದೆ, ಒಳ್ಳೆ ಶಾಲೆ ಇರುವ ಒಂದು ಪಟ್ಟಣ ನೋಡಿಕೊಂಡು ಅದರ ಹೊರಗಡೆ ಒಂದು ಕೋಣೆ ಹಿಡಿದರಾಯಿತು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಒಳ್ಳೆ ಶಾಲೆ ಎಂದರೆ ಚಿಕ್ಕಮಾದನಿಗೆ ಹತ್ತನೇ ಕ್ಲಾಸಿನಲ್ಲಿ ಎಷ್ಟು ಜನ ಪಾಸಾಗುತ್ತಾರೆ ಎಂಬುದು. ಚೌಡಮ್ಮನ ಅಳತೆ ಬೇರೆ, ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಊಟದ ಹೊತ್ತಿಗೆ ಹೋಗಿ ನಿಂತು, ಯಾರ ಪಕ್ಕ ಯಾರು ಕೂತು ಉಣ್ಣುತ್ತಾರೆ ಎಂದು ನೋಡುವುದು. ಅವಳು ಶಾಲೆಗೆ ಹೋದದ್ದು ಮೂರೇ ವರ್ಷ. ಆ ಮೂರು ವರ್ಷವೂ ಅವಳ ಕೇರಿಯ ಮಕ್ಕಳಿಗೆ ಜಗಲಿಯ ಕೆಳಗೆ ಜಾಗ, ನೀರು ಕೇಳಿದರೆ ಎತ್ತಿ ಹುಯ್ಯುತ್ತಿದ್ದರು. ಈಗ ಅದೆಲ್ಲ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಮಗಳೂ ಒಂದು ದಿನವೂ ದೂರು ತಂದವಳಲ್ಲ. ಹೊಸ ಊರಿನಲ್ಲಂತೂ ತನ್ನ ಮಗಳು ಎಲ್ಲರ ನಡುವೆ ಕೂತು ಉಣ್ಣಬೇಕು, ಅಷ್ಟು ಸಿಕ್ಕರೆ ಉಳಿದದ್ದು ದೇವರಿಗೆ ಬಿಟ್ಟದ್ದು ಎಂದುಕೊಂಡಿದ್ದಳು.

ಮೊದಲು ಹೋದದ್ದು ಚಾಮರಾಜನಗರಕ್ಕೆ, ಅವಳ ಅಣ್ಣನ ಮನೆಗೆ. ಅಲ್ಲಿ ಓದು ಕನ್ನಡದಲ್ಲಿ, ಮಕ್ಕಳೂ ಒಟ್ಟಿಗೇ ಉಂಡರು. ಆದರೆ ಅಷ್ಟೂ ಮಕ್ಕಳು ಅಣ್ಣನ ಬೀದಿಯವರೇ. ಬೇರೆ ಬೀದಿಯವರು ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುತ್ತಿದ್ದರು. ಎರಡನೆಯದು ಸತ್ಯಮಂಗಲದ ಪೇಟೆಯೊಳಗಿನ ಇಂಗ್ಲಿಷ್ ಶಾಲೆ. ಗೇಟಿನವನು ಒಳಗೆ ಬಿಡಲಿಲ್ಲ. ಎದುರಿನ ಬೇವಿನ ಮರದಡಿ ನಿಂತು ನೋಡಿದರೆ, ಮಕ್ಕಳು ಸಾಲಾಗಿ ಕೂತು ಅವರವರ ಡಬ್ಬಿಗೆ ಅವರವರೇ ಬಗ್ಗಿ ಉಣ್ಣುತ್ತಿದ್ದರು. ಒಬ್ಬರ ಕೈ ಇನ್ನೊಬ್ಬರ ಡಬ್ಬಿಗೆ ಹೋಗಲಿಲ್ಲ.

"ನೀನು ಇಸ್ಕೂಲು ನೋಡಕ್ಕೆ ಬಂದಿಯೋ, ಉಣ್ಣೋರ ಬಾಯಿ ನೋಡಕ್ಕೆ ಬಂದಿಯೋ?" ಎಂದು ಚಿಕ್ಕಮಾದ ಅವತ್ತು ನಕ್ಕಿದ್ದ.

ಬಣ್ಣಾರಿಯಲ್ಲಿ ಚೌಡಮ್ಮ ಕಣ್ಣು ತೆರೆದು ಅಮ್ಮನ ಗುಡಿಯ ಕಡೆ ಕೈಮುಗಿದಳು. ಘಾಟಿಯ ಕೆಳಗೆ ಆಗಲೇ ಬಿಸಿಲು ಕಾದಿತ್ತು.

ಮೂರನೇ ಶಾಲೆ ಸತ್ಯಮಂಗಲದ ಹೊರವಲಯದ ಒಂದು ಹೊಸ ಬಡಾವಣೆಯಲ್ಲಿತ್ತು. ಸುತ್ತ ಮಿಲ್ಲುಗಳು. ಬಸ್ಸಿಳಿದು ನಡೆಯುವಾಗಲೇ ಚೌಡಮ್ಮನ ಕಿವಿಗೆ ನಾಲ್ಕು ಮಾತು ಬಿದ್ದವು: ಮಗ್ಗದವರ ತೆಲುಗು, ಚಹಾದಂಗಡಿಯ ಮಲಯಾಳ, ಕೊಳಾಯಿಯ ಹತ್ತಿರ ಉರ್ದು, ಮಿಕ್ಕೆಲ್ಲ ಕಡೆ ತಮಿಳು. ಯಾರೂ ಅವರನ್ನು ಯಾವೂರು, ಯಾವ ಜನ ಎಂದು ಕೇಳಲಿಲ್ಲ. ಅವಳ ಕಾಲುಗಳಿಗೆ ಸ್ವಲ್ಪ ಜೀವ ಬಂತು.

ಹೆಡ್ಮಿಸ್ ಶಕುಂತಲಮ್ಮನ ತವರು ಕೊಳ್ಳೇಗಾಲದ ಕಡೆ, ಕನ್ನಡದಲ್ಲೇ ಮಾತಾಡಿಸಿದರು. ಊಟದ ಬೆಲ್ಲು ಹೊಡೆಯಿತು. ಮಗು ಹಸಿದಿರಬೇಕು, ಇಲ್ಲೇ ಉಣ್ಣಲಿ ಎಂದು ಸುಧಾಮಣಿಯ ಕೈಗೆ ಒಂದು ತಟ್ಟೆ ಕೊಟ್ಟು ಕಳಿಸಿದರು. ಚೌಡಮ್ಮ ಬಾಗಿಲ ಹತ್ತಿರ ನಿಂತು ನೋಡಿದಳು. ಮಕ್ಕಳು ಸಾಲೂ ಇಲ್ಲ, ಸುತ್ತೂ ಇಲ್ಲ, ಚೆಲ್ಲಿದ ಕಾಳಿನ ಹಾಗೆ ಕೂತಿದ್ದರು. ಒಬ್ಬಳು ಮಾತಾಡುತ್ತಲೇ ಪಕ್ಕದವಳ ತಟ್ಟೆಯಿಂದ ಮೊಟ್ಟೆ ಹಾರಿಸಿದಳು, ಪಕ್ಕದವಳು ಅವಳ ಜಡೆ ಎಳೆದಳು. ಮೂರು ಶಾಲೆ ತಿರುಗಿ ಅವಳು ಹುಡುಕಿದ್ದು ಇದನ್ನೇ.

ಬಡಿಸುವ ಆಯಾ ಅನ್ನದ ಸೌಟು ಎತ್ತಿದಳು. ಸುಧಾಮಣಿ ತಟ್ಟೆಯನ್ನು ನೆಲದ ಮೇಲಿಟ್ಟಳು. ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತಳು.

ಆಯಾ ಸೌಟು ಹಿಡಿದ ಹಾಗೇ ನಿಂತಳು. ಯಾಕಮ್ಮ ಕೆಳಗಿಟ್ಟೆ, ಕೈಯಲ್ಲಿ ಹಿಡಿ ಎಂದು ತಮಿಳಿನಲ್ಲಿ ಹೇಳಿದಳು. ಸುಧಾಮಣಿಗೆ ತಮಿಳು ತಿಳಿಯುತ್ತಿತ್ತು, ಹೇಳಿದ್ದು ಯಾಕೆಂದು ತಿಳಿಯಲಿಲ್ಲ. ತಾನು ಮಾಡಿದ್ದು ಸರಿಯೇ ಅಲ್ಲವೇ ಎಂಬಂತೆ ಅವಳು ಅವ್ವನ ಕಡೆ ತಿರುಗಿ ನೋಡಿದಳು. ಹೊಸ ಜಾಗದಲ್ಲಿ ಮರ್ಯಾದೆಯಿಂದ ನಡೆದುಕೊಂಡ ಮಗುವಿನ ಮುಖ ಅದು.

ಚಿಕ್ಕಮಾದ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ.

ಚೌಡಮ್ಮ ಒಳಗೆ ಹೋಗಿ ತಟ್ಟೆ ಎತ್ತಿ ಮಗಳ ಕೈಗಿಟ್ಟು, ಆ ಕೈಗಳನ್ನು ತಾನೇ ಹಿಡಿದು ಸೌಟಿನ ಕೆಳಗೆ ಒಡ್ಡಿದಳು. "ಯಾರವ್ವ ಇದ ಕಲಿಸ್ದೋರು?" ಎಂದು ಮೆಲ್ಲಗೆ ಕೇಳಿದಳು.

"ಯಾರೂ ಇಲ್ಲ ಕಣವ್ವ. ನಾವು ಅಂಗೇ ಇಡದು. ಆಯಮ್ಮ ಮೇಲಿಂದ ಆಕ್ತದೆ."

ಐದು ವರ್ಷ. ಐದು ವರ್ಷ ತಾನು ಕೋಸಿನ ಹೊಲದಲ್ಲಿ ಬಗ್ಗಿ ನಿಂತಿದ್ದಾಗ, ದಿನಾ ಮಧ್ಯಾಹ್ನ ಮಗಳು ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಮೂರು ಶಾಲೆಯ ಮಕ್ಕಳ ಊಟ ನೋಡಲು ಹೊರಟವಳು ಒಂದು ದಿನವೂ ತನ್ನೂರಿನ ಶಾಲೆಯ ಬಾಗಿಲಲ್ಲಿ ನಿಂತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಊಟ ಮುಗಿದ ಮೇಲೆ ಹೆಡ್ಮಿಸ್ ಕೂರಿಸಿ ಹೇಳಿದರು: ಇಲ್ಲಿ ಪಾಠವೆಲ್ಲ ತಮಿಳಿನಲ್ಲಿ. ಮಗು ತಮಿಳು ಆಡುತ್ತದೆ, ಬರೆಯಲು ಬರುವುದಿಲ್ಲ. ಇಲ್ಲಿ ಸೇರಿದರೆ ಐದನೇ ಕ್ಲಾಸಿನಲ್ಲೇ ಇನ್ನೊಂದು ವರ್ಷ ಕೂರಬೇಕು. ಯೋಚಿಸಿ ಜೂನಿನಲ್ಲಿ ಬನ್ನಿ.

ಚಿಕ್ಕಮಾದ ಹೆಂಡತಿಯನ್ನು ಹೊರಗೆ ಕರೆದ. "ಒಂದು ವರ್ಷ ಆಳಾಯ್ತದೆ ಕಣಮ್ಮಿ. ಕಿಲಾಸಿಗೆ ಮೊದಲು ಬರೋ ಮಗಾ ಅದು. ನಿಮ್ಮಣ್ಣನ ಬೀದೀಲಿ ನಮ್ಮೋರೆ ಅವ್ರೆ, ಇಂಗೆ ಮುಜುಗರ ಆಗ್ತಿರ್ನಿಲ್ಲ."

"ಆಗ್ತಿರ್ನಿಲ್ಲ," ಎಂದಳು ಚೌಡಮ್ಮ. "ಅಲ್ಲಿ ಎಲ್ಲ ನಮ್ಮೋರೇ, ಅವಳು ತಟ್ಟೆ ಕೆಳಗಿಡೋದು ನಮ್ಗೆ ಕಾಣ್ತಲೇ ಇರ್ನಿಲ್ಲ. ದೊಡ್ಡೋಳಾಗಿ ಇನ್ನೊಬ್ರ ಮುಂದೆ ಇಡೋಳು. ಒಂದು ವರ್ಷ ತಾನೆ, ಓದ್ರೆ ಓಗ್ಲಿ. ಇಲ್ಲೇ ಎಸರು ಬರೆಸು."

ಅವನು ಒಳಗೆ ಹೋಗಿ ಬರೆಸಿದ.

ಮೇಲೇರುವ ಬಸ್ಸಿನಲ್ಲಿ ಸುಧಾಮಣಿ ಅಪ್ಪನ ತೋಳಿಗೆ ಒರಗಿ ನಿದ್ದೆ ಹೋದಳು. ನಾಳೆಯಿಂದ ಊಟಕ್ಕೆ ಮನೆಗೆ ಬಾ ಎನ್ನೋಣವೆಂದರೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ. ಬೆಳಿಗ್ಗೆಯೇ ರಾಗಿಮುದ್ದೆ ಕಟ್ಟಿಕೊಡಬೇಕು, ಅದಕ್ಕೆ ಇನ್ನೂ ಮುಂಚೆ ಏಳಬೇಕು. ಪರೀಕ್ಷೆ ಮುಗಿಯುವ ತನಕ ಊರಿನ ಶಾಲೆಯಲ್ಲಿ ಇನ್ನೆಷ್ಟು ಮಧ್ಯಾಹ್ನ ಉಳಿದಿವೆ ಎಂದು ಚೌಡಮ್ಮ ಬೆರಳು ಮಡಚತೊಡಗಿದಳು. ಎರಡು ಕೈಯೂ ಮುಗಿದವು. ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದಳು.