ಎದುರಿಗಿರುವವರು ಓದುವ ಹಾಗೆ

ಕೆಂಪಣ್ಣನ ನೆನಪಿನಿಂದ ಮೊದಲು ಹೋದದ್ದು ಉಂಡ ಊಟ, ಆಮೇಲೆ ಮಗ, ಕೊನೆಗೆ ಹೆಂಡತಿ. ಬಸ್ಸಿನ ಬೋರ್ಡು ಮಾತ್ರ ಹೋಗಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಿಯಾದ ಮನುಷ್ಯ. ಎದುರಿಗೆ ಬೋರ್ಡು ಬಂದರೆ ಸಾಕು, ಕತ್ತು ನೆಟ್ಟಗೆ ಮಾಡಿಕೊಂಡು ಜೋರಾಗಿ ಓದುತ್ತಿದ್ದ. 'ಹಾಸನ, ಹೊಳೇನರಸೀಪುರ, ಅರಕಲಗೂಡು.' ಓದಿದ್ದನ್ನು ನಂಬುತ್ತಿದ್ದ. ನಂಬಿದ ಮೇಲೆ ಹತ್ತಿಬಿಡುತ್ತಿದ್ದ.

ಅವನ ಹೆಂಡತಿ ಅನಸೂಯಮ್ಮನ ಕಷ್ಟ ಶುರುವಾದದ್ದೇ ಅಲ್ಲಿ. ಹೊಳೇನರಸೀಪುರದಲ್ಲಿ ಅವರ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಐದು ನಿಮಿಷದ ದಾರಿ. ಹಿಂದಲ ಬಾಗಿಲಿಗೆ ಚಿಲಕ ಹಾಕುವಷ್ಟರಲ್ಲಿ ಮುಂದಲ ಬಾಗಿಲಿನಿಂದ ಮನುಷ್ಯ ಮಾಯ. ಹಳೆಯ ಸ್ಟಾಫು ಇದ್ದಷ್ಟು ದಿನ ಗುರುತು ಹಿಡಿದು ವಾಪಸು ಬಸ್ಸಿಗೆ ಹತ್ತಿಸಿ ಕಳಿಸುತ್ತಿದ್ದರು. ಎರಡು ಸಾವಿರದ ಮೂರರ ಹೊತ್ತಿಗೆ ಎಲ್ಲ ಹೊಸ ಹುಡುಗರು ಬಂದಿದ್ದರು.

ಮನೆಯೊಳಗೆ ಅವನೇನೂ ತೊಂದರೆ ಕೊಡುತ್ತಿರಲಿಲ್ಲ. ಮನೆಯನ್ನು ನೈಟ್ ಹಾಲ್ಟ್ ಮಾಡುವ ಊರಿನ ಮೆಸ್ಸು ಅಂದುಕೊಂಡಿದ್ದ. ಕಾರ್ತಿಕ ಮಾಸದ ಒಂದು ಮಧ್ಯಾಹ್ನ ತಟ್ಟೆಯಲ್ಲಿ ಕೈ ತೊಳೆದು, "ಸಾರು ಚೆನ್ನಾಗಿತ್ತು ಕಣಮ್ಮ. ಎಷ್ಟಾಯ್ತು?" ಎಂದು ಕೇಳಿದ. ಮೂವತ್ತಾರು ವರ್ಷ ಬಡಿಸಿದ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ತೊಳೆದಿಟ್ಟಳು. ಅಳು ಬರುತ್ತದೆ ಅಂದುಕೊಂಡಳು, ಬರಲಿಲ್ಲ. ಆವತ್ತಿನಿಂದ ಯಾವುದೂ ಬರಲಿಲ್ಲ. ಹಸಿವಾಗುವ ಹೊತ್ತಿಗೆ ಉಣ್ಣುತ್ತಿದ್ದಳು, ಮಲಗುವ ಹೊತ್ತಿಗೆ ಮಲಗುತ್ತಿದ್ದಳು, ಯಾರಾದರೂ ನಕ್ಕರೆ ತಾನೂ ನಗುತ್ತಿದ್ದಳು. ಒಳಗೆ ಏನೂ ಇರಲಿಲ್ಲ.

ಒಂದು ಸಲ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹುಡುಕಿ ಸೋತು, ಮೈಕಿನಲ್ಲಿ ಕೂಗುವವನ ಹತ್ತಿರ ಹೋಗಿ ನಿಂತಳು. ಅವನು ಹೆಸರು ಕೇಳಿದ. ಗಂಡನ ಹೆಸರು ಹೇಳಿದರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಅತ್ತೆ ಹೇಳಿಕೊಟ್ಟಿದ್ದರು. ನಾಲಿಗೆ ಏಳಲಿಲ್ಲ. "ಶಶಿಕುಮಾರನ ಅಪ್ಪ ಅಂತ ಕೂಗಿ ಸಾ" ಅಂದಳು. ಅವನು ಒಂದು ಗಂಟೆ ಹೊತ್ತು ಕೂಗಿದ. ತನಗೆ ಶಶಿಕುಮಾರ್ ಅನ್ನುವ ಮಗ ಇದ್ದಾನೆ ಅನ್ನುವುದೇ ಗೊತ್ತಿಲ್ಲದ ಕೆಂಪಣ್ಣ ಅದೇ ಮೈಕಿನ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು, ಪಾಪ ಯಾರ ಅಪ್ಪನೋ ಕಳೆದುಹೋಗಿದ್ದಾನೆ ಅಂತ ಪಕ್ಕದವರ ಹತ್ತಿರ ಮರುಗುತ್ತಿದ್ದ.

ಅದಕ್ಕಿಂತ ಕೆಟ್ಟದ್ದು ನಡೆದದ್ದು ಅರಕಲಗೂಡಿನಲ್ಲಿ. ಅನಸೂಯಮ್ಮ ಅವನನ್ನು ಕಂಡು, ಓಡಿಹೋಗಿ ಕೈ ಹಿಡಿದಳು. ಅವನು ಬೆಂಕಿ ತಾಗಿದವರಂತೆ ಕೊಸರಿಕೊಂಡ.

"ಯಾರ್ ಮನೆ ಎಂಗ್ಸಮ್ಮ ನೀನು? ಬಿಡು ಕೈಯ. ನಾಕ್ ಜನ ನೋಡಿದ್ರೆ ಏನಂದ್ಕಂಡಾರು?"

ನಾಲ್ಕು ಜನ ನೋಡಿಯೇಬಿಟ್ಟರು. ಯಾರೋ ಒಬ್ಬ ಹುಡುಗ ಅವಳನ್ನೇ ಗದರಿಸಿದ. ಕೆಂಪಣ್ಣ ಹೆಂಗಸರ ವಿಷಯದಲ್ಲಿ ಮೊದಲಿನಿಂದಲೂ ಮರ್ಯಾದಸ್ಥ. ಆ ಮರ್ಯಾದೆಯೇ ಈಗ ಹೆಂಡತಿಗೆ ಅಡ್ಡ ನಿಂತಿತ್ತು. ಮಗ ಬೈಕಿನಲ್ಲಿ ಬಂದು ಬಲವಂತವಾಗಿ ಎತ್ತಿ ಕೂರಿಸುವವರೆಗೂ ಅವನು ಜಗ್ಗಲಿಲ್ಲ. ಇನ್ನೊಂದು ಸಲ ಹೀಗಾದರೆ, ಮಗ ಊರಲ್ಲಿ ಇಲ್ಲದಿದ್ದರೆ, ಗಂಡ ಯಾವ ಬಸ್ಸು ಹತ್ತಿ ಎಲ್ಲಿ ಇಳಿದು ಏನಾಗುತ್ತಾನೋ ದೇವರೇ ಬಲ್ಲ.

ಶಶಿಕುಮಾರನಿಗೆ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇತ್ತು. ಹಚ್ಚೆಯ ಮಾತು ಎತ್ತಿದವನು ಅವನೇ.

"ಅಮ್ಮ, ಅಪ್ಪನ ಕೈ ಮ್ಯಾಲೆ ಎಸ್ರು, ಫೋನ್ ನಂಬರು ಉಯ್ಸ್‌ಬುಡಾನ. ಚೀಟಿ ಇಟ್ರೆ ಹರಿದಾಕ್ತಾರೆ. ಹಚ್ಚೆನ ಏನ್ ಮಾಡಕ್ಕಾಯ್ತದೆ?"

"ಓದ್ ವರ್ಸ ನಂಬರ್‌ಗೆ ಮುಂದ್ಗಡೆ ಎರಡು ಸೇರ್ಸುದ್ರಲ್ಲ. ನಾಳೆ ಇನ್ನೊಂದು ಸೇರ್ಸುದ್ರೆ?"

"ಸೇರ್ಸುದ್ರೆ ಇನ್ನೊಂದ್ ಸಲ ಉಯ್ಸಾನ."

ಅನಸೂಯಮ್ಮ ಆಗಲಿ ಅಂದಳು. ಬೇಡ ಅನ್ನುವುದಕ್ಕೂ ಒಂದು ಉಮೇದು ಬೇಕು, ಅದು ಅವಳಲ್ಲಿ ಇರಲಿಲ್ಲ.

ಅವಳ ಸ್ವಂತ ಕೈ ಬರಿಗೈ. ಹನ್ನೆರಡು ವರ್ಷದವಳಿದ್ದಾಗ ಊರಿಗೆ ಹಚ್ಚೆ ಹುಯ್ಯುವವಳು ಬಂದಿದ್ದಳು. ಸೂಜಿ ಕಂಡು ಓಡಿಹೋಗಿ ಕಬ್ಬಿನ ಗದ್ದೆಯಲ್ಲಿ ಅಡಗಿದವಳು ಸಂಜೆಗೇ ಈಚೆ ಬಂದದ್ದು. ಮದುವೆಯಾಗಿ ಬಂದ ಮೇಲೆ ಅತ್ತೆ ಅದನ್ನು ಎತ್ತಿ ಎತ್ತಿ ಆಡಿದ್ದರು. "ಸತ್ತಾಗ ವಾಲೆ ಬಿಚ್ಕತರೆ, ತಾಳಿ ಬಿಚ್ಕತರೆ. ಜತೇಗ್ ಬರಾದು ಹಚ್ಚೆ ಒಂದೇ ಕಣೆ. ನೀನ್ ಬರಿಗೈಲಿ ಓಯ್ತೀಯ" ಅನ್ನುತ್ತಿದ್ದರು. ಆಗ ನಕ್ಕಿದ್ದಳು.

ಸಂತೆಯ ದಿನ ಮೂವರೂ ಹೋದರು. ಹಳೆಯ ಸೀರೆಯ ನೆರಳು ಕಟ್ಟಿಕೊಂಡು, ಬ್ಯಾಟರಿ ಮಿಷನ್ ಇಟ್ಟುಕೊಂಡು ಚೆನ್ನಯ್ಯ ಅನ್ನುವವನು ಕೂತಿದ್ದ. ಪಕ್ಕದಲ್ಲಿ ನಮೂನೆಯ ಹಲಗೆ, ಅದರ ತುಂಬ ಹೂವು, ಚೇಳು, ಹೃದಯ, ಹನುಮಂತ. ಕೆಂಪಣ್ಣ ಹಲಗೆಯನ್ನು ಗೌರವದಿಂದ ನೋಡಿದ. ಯಾವ ಊರಿನ ಹೆಸರೂ ಇರಲಿಲ್ಲವಾಗಿ ಬೇಸರಪಟ್ಟ. ಮಿಷನ್ ಗುರ್ರೆಂದದ್ದೇ ತಡ, ಕೈ ಎಳೆದುಕೊಂಡು ಎದ್ದು ನಿಂತ.

"ಮೈ ಮ್ಯಾಲೆ ನಂಬರ್ ಬರ್ಸಕ್ಕೆ ನಾನೇನ್ ಬಸ್ಸೇನಯ್ಯ?"

ಚೆನ್ನಯ್ಯ ನಕ್ಕ. ಶಶಿಕುಮಾರ್ ಬೇಡಿಕೊಂಡ, ಹಿಡಿದುಕೊಂಡ, ಕೊನೆಗೆ ಗದರಿಸಿದ. ಕೆಂಪಣ್ಣನ ಕಣ್ಣಿನಲ್ಲಿ ನಿಜವಾದ ಹೆದರಿಕೆ ಕಂಡಿತು. ಅನಸೂಯಮ್ಮ ಮಗನಿಗೆ ಸಾಕು ಬಿಡು ಅಂದಳು. ಕೆಂಪಣ್ಣ ಎರಡು ಹೆಜ್ಜೆ ಆಚೆ ಹೋಗಿ, ಎದುರಿನ ಅಂಗಡಿಯ ಹೆಸರನ್ನು ಗಟ್ಟಿಯಾಗಿ ಓದಿ ಸಮಾಧಾನ ಮಾಡಿಕೊಂಡ.

ಅನಸೂಯಮ್ಮ ಅವನು ಓದುವುದನ್ನು ನೋಡುತ್ತ ನಿಂತಳು. ಅಂಗಡಿ ಯಾರದೋ, ಅವನಿಗೆ ಗೊತ್ತಿಲ್ಲ. ಆದರೂ ಬರೆದದ್ದನ್ನು ಓದಿದ, ನಂಬಿದ, ಹೆದರಿಕೆ ಇಳಿಯಿತು. ಅವಳು ಹೋಗಿ ಚೆನ್ನಯ್ಯನ ಮುಂದಿನ ಗೋಣಿಚೀಲದ ಮೇಲೆ ಕೂತು ಎಡಗೈ ಚಾಚಿದಳು.

"ನಂಗಾಕು" ಅಂದಳು.

ಶಶಿಕುಮಾರನಿಗೆ ಅವಳ ಉದ್ದೇಶ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಮುಖ ಕೆಂಪಾಯಿತು. ಅಪ್ಪನ ಮರೆವನ್ನು ಅವರು ನೆಂಟರಿಂದ ಮುಚ್ಚಿಟ್ಟಿದ್ದರು. ವಯಸ್ಸಾಯ್ತು, ಕಿವಿ ಮಂದ ಅಂತ ಏನೋ ಹೇಳಿ ಸಾಗಹಾಕುತ್ತಿದ್ದರು.

"ಮದ್ವೆ ಮನೇಲಿ ಬಡ್ಸಕ್ಕೆ ಕೈ ಚಾಚುದ್ರೆ ಎಲ್ರುಗೂ ಕಾಣ್ತದಮ್ಮ. ಈ ವಯಸ್ನಲ್ಲಿ ಯಾಕೆ ಉಯ್ಸ್‌ಕಂಡೆ ಅಂತಾರೆ. ಏನೇಳ್ತೀಯ?"

ಏನು ಹೇಳುವುದು? ನನ್ನ ಗಂಡನಿಗೆ ನಾನು ಯಾರೂಂತ ಗೊತ್ತಿಲ್ಲ ಅಂತಲೇ ಹೇಳಬೇಕು. ಮದುವೆಯಲ್ಲಿ, ಮುಂಜಿಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಕೇಳಿದವರಿಗೆಲ್ಲ, ಸಾಯುವವರೆಗೂ. ಅನಸೂಯಮ್ಮ ಅದನ್ನೆಲ್ಲ ಕೂತಲ್ಲೇ ಯೋಚಿಸಿದಳು. ಚೆನ್ನಯ್ಯ ಒಂದು ದಾರಿ ತೋರಿಸಿದ.

"ತ್ವಾಳಿನ್ ಮ್ಯಾಲೆ ಆಕುಸ್ಕಳವ್ವ. ರವ್ಕೆ ಮುಚ್ಕತದೆ, ಯಾರ್ಗೂ ಕಾಣಾಕಿಲ್ಲ."

"ಕಾಣ್ಬೇಕು. ಮುಂಗೈ ಮ್ಯಾಲಾಕು. ದಪ್ಪ ಅಕ್ಸರ, ಬಸ್ಸಿನ್ ಬೋರ್ಡ್ ತರ."

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಏನು ಬರೆಯಲಿ ಅಂತ ಚೆನ್ನಯ್ಯ ಕೇಳಿದ. ಅವಳು ಮಗನ ಮುಖ ನೋಡಿದಳು. ಶಶಿಕುಮಾರ್ ಬೇರೆ ಕಡೆ ತಿರುಗಿಕೊಂಡೇ, "ಕೆಂಪಣ್ಣ. ಅದ್ರ ಕೆಳ್ಗೆ ಹೊಳೇನರಸೀಪುರ" ಅಂದ. ಚೆನ್ನಯ್ಯ ಪೆನ್ನಿನಲ್ಲಿ ಗುರುತು ಮಾಡಲು ಹೊರಟಾಗ ಅವಳು ತಡೆದಳು.

"ಇಂಗಲ್ಲ, ತಿರುಗ್ಸಿ ಬರಿ."

"ನಿಂಗೆ ತಲೆಕೆಳ್ಗಾಗ್ ಕಾಣ್ತದಲ್ಲವ್ವ! ಎಲ್ರೂ ತಮ್ಗೆ ಕಾಣಂಗೆ ಉಯ್ಸ್‌ಕತಾರೆ."

"ನಂಗೊತ್ತು ಅವ್ರೆಸ್ರು. ಓದೋರು ಎದುರ್ಗಿರ್ತಾರೆ."

ಹೊಳೇನರಸೀಪುರ ಅನ್ನುವುದು ಸಣ್ಣ ಹೆಸರಲ್ಲ. ಮಣಿಕಟ್ಟಿನಿಂದ ಮೊಣಕೈ ಹತ್ತಿರದವರೆಗೂ ಹಿಡಿಯಿತು. ಸೂಜಿ ಚುಚ್ಚುವುದು ಗೊತ್ತಾಗುತ್ತಿತ್ತು, ನೋವು ಮಾತ್ರ ಬೇರೆ ಯಾರದೋ ಕೈಗೆ ಆಗುತ್ತಿರುವ ಹಾಗಿತ್ತು. ಇದಕ್ಕೆ ಹೆದರಿಯೇ ಕಬ್ಬಿನ ಗದ್ದೆಯಲ್ಲಿ ಕೂತಿದ್ದೆನಾ ಅಂತ ಅಂದುಕೊಂಡಳು.

ಮನೆಗೆ ಬಂದ ಮೇಲೆ ಕೈಯ ಊತ ಇಳಿದು, ಹಕ್ಕಳೆ ಉದುರಿ, ಅಕ್ಷರ ಹಸಿರಾಗಿ ನಿಂತಿತು. ಬಡಿಸುವಾಗ ಬೇಕೆಂದೇ ಎಡಗೈಯನ್ನು ಗಂಡನ ಮುಂದೆ ಇಟ್ಟು ಕೂರುತ್ತಿದ್ದಳು. ಅವನು ತಟ್ಟೆ ಬಿಟ್ಟು ಬೇರೆ ನೋಡುತ್ತಿರಲಿಲ್ಲ. ಪರಹೆಂಗಸಿನ ಕೈ ನೋಡುವ ಜಾಯಮಾನ ಅವನದಲ್ಲವಲ್ಲ. ಒಂದು ತಿಂಗಳು ಕಳೆಯಿತು. ಅಷ್ಟೂ ದಂಡವಾಯಿತು ಅಂತ ಅವಳಿಗೆ ಅನ್ನಿಸಿತು. ಅದಕ್ಕೂ ದುಃಖ ಬರಲಿಲ್ಲ.

ಆಷಾಢದ ಒಂದು ಬೆಳಗ್ಗೆ ಅವನು ಮತ್ತೆ ಮಾಯವಾದ. ಶಶಿಕುಮಾರ್ ಪೇಪರ್ ತರಲು ಮೈಸೂರಿಗೆ ಹೋಗಿದ್ದ. ಅನಸೂಯಮ್ಮ ಒಬ್ಬಳೇ ಹುಡುಕಿಕೊಂಡು ಹೋದಳು. ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ, ಒಂದು ಕಂಬದ ಹತ್ತಿರ, ಕೆಂಪಣ್ಣ ಹೋಗಿಬರುವ ಬಸ್ಸುಗಳನ್ನು ಓದುತ್ತ ನಿಂತಿದ್ದ. ಈ ಸಲ ಅವಳು ಕೈ ಹಿಡಿಯಲಿಲ್ಲ. ಎದುರಿಗೆ ಹೋಗಿ ನಿಂತು, ಸೆರಗು ಸರಿಸಿ, ಮುಂಗೈಯನ್ನು ಎದೆಯ ಮಟ್ಟಕ್ಕೆ ಅಡ್ಡಲಾಗಿ ಎತ್ತಿ ಹಿಡಿದಳು. ಜನ ನೋಡುತ್ತಿದ್ದರು. ನೋಡಲಿ ಅಂದುಕೊಂಡಳು.

ಕೆಂಪಣ್ಣ ಕತ್ತು ನೆಟ್ಟಗೆ ಮಾಡಿದ.

"ಕೆಂಪಣ್ಣ. ಹೊಳೇನರಸೀಪುರ" ಎಂದು ಜೋರಾಗಿ ಓದಿದ. ಓದಿದ್ದು ತನ್ನದೇ ಹೆಸರು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಆಮೇಲೆ ಮೊದಲ ಸಲ ಅವಳ ಮುಖ ನೋಡಿದ. "ಹೊಳೇನರಸೀಪುರಕ್ಕೇನಮ್ಮ? ಕೆಂಪಣ್ಣ ಅಂದ್ರೆ ಯಜಮಾನ್ರಾ?"

"ಊಂ."

"ಒಬ್ಳೇ ಬಂದಿದ್ದೀಯಲ್ಲ, ದಾರಿ ತಪ್ಪೋಯ್ತಾ?"

ಅವಳು ಅದಕ್ಕೂ ಊಂ ಅಂದಳು.

"ಅಳ್ಬೇಡ. ನಾನಿವ್ನಿ. ನಿನ್ ಮನೆಗ್ ಬುಟ್ಟು ಬತ್ತೀನಿ, ನಡಿ."

ಅವಳು ಅಳುತ್ತಿರಲಿಲ್ಲ. ಅವನು ಹೇಳಿದ ಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡಳು, ಒದ್ದೆಯಾಗಿತ್ತು. ಕೆಂಪಣ್ಣ ಜನರನ್ನು ಸರಿಸಿ ದಾರಿ ಮಾಡಿ, ಹೊಳೇನರಸೀಪುರದ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಅವಳನ್ನು ಕೂರಿಸಿದ. ತಾನು ಕಂಬಿ ಹಿಡಿದು ನಿಂತ. ಟಿಕೆಟ್ ಕೇಳಿದ ಹುಡುಗನಿಗೆ, "ನಾನು ಸ್ಟಾಫು. ಈಯಮ್ಮುಂಗೊಂದ್ ಟಿಕೆಟ್ ಹರಿ" ಅಂದ. ಅವಳು ಹಿಂದಿನಿಂದ ಎರಡು ಬೆರಳು ತೋರಿಸಿದಳು.

ಊರಲ್ಲಿ ಇಳಿದು ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ, ಮನೆಯವರೆಗೂ ನಡೆದರು. ಗೇಟು ಬಂದಾಗ ಅವನು ಅಲ್ಲೇ ನಿಂತ.

"ಬಂತಲ್ಲ ಕೆಂಪಣ್ಣನ ಮನೆ. ನಾನಿನ್ ಬತ್ತೀನಿ ಕಣಮ್ಮ, ಗಾಡಿ ಟೈಮಾಯ್ತು."

ಅವನು ತಿರುಗಿದ. ಬಸ್‌ಸ್ಟ್ಯಾಂಡ್ ಐದು ನಿಮಿಷದ ದಾರಿ. ಎಷ್ಟೋ ತಿಂಗಳಾದ ಮೇಲೆ ಅನಸೂಯಮ್ಮನಿಗೆ ಹೆದರಿಕೆಯಾಯಿತು.

"ಒಂದ್ ಲೋಟ ಕಾಪಿ ಕುಡ್ಕಂಡೋಗಿ."

"ಚೆಂದಾಗಿರಾಕಿಲ್ಲಮ್ಮ. ನಿಮ್ಮೆಜಮಾನ್ರು ಏನಂದ್ಕಂಡಾರು?"

"ಅವ್ರೇನೂ..." ಅಂದು ಅವಳು ಮಾತು ನಿಲ್ಲಿಸಿದಳು. ಅವನ ಕಾಲು ಆಗಲೇ ರಸ್ತೆಯ ಕಡೆಗಿತ್ತು. ಅವನಿಗೆ ಗೊತ್ತಿರುವ ಹೆಸರು ಒಂದೇ. ಅದನ್ನು ಅವಳು ಮೂವತ್ತಾರು ವರ್ಷ ಬಾಯಲ್ಲಿ ಆಡಿರಲಿಲ್ಲ.

"ಕೆಂಪಣ್ಣ ಅಂತೋರಲ್ಲ" ಅಂದಳು. "ಕೆಂಪಣ್ಣ ಬಲೇ ಒಳ್ಳೇರು. ಮನೆಗ್ ಬುಡಕ್ ಬಂದೋರ್ಗೆ ಕಾಪಿ ಕೊಡ್ದೆ ಕಳ್ಸುದ್ರೆ ನಂಗೇ ಬಯ್ತಾರೆ."

ಕೆಂಪಣ್ಣ ರಸ್ತೆಯ ಕಡೆಗಿದ್ದ ಕಾಲನ್ನು ಇತ್ತ ತಿರುಗಿಸಿದ.

"ಅಂಗಾರೆ ಸರಿ" ಅಂದ. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿ ಬಿಟ್ಟು, ಪರರ ಮನೆ ಹೊಗುವವರ ಹಾಗೆ ತಲೆ ತಗ್ಗಿಸಿಕೊಂಡು ಒಳಗೆ ಬಂದ. ಅವಳು ಬಾಗಿಲು ಮುಂದೆ ಮಾಡಿ, ಒಲೆಯ ಮೇಲೆ ಹಾಲಿಟ್ಟಳು.