ಸೊಪ್ಪಿನ ಸಾರಿನಲ್ಲಿ ಒಂದು ಸೂಜಿ

ನನ್ನ ಮಗಳು ಹನಾದಿ ಡಾಕ್ಟರು. ಅಲೆಕ್ಸಾಂಡ್ರಿಯಾದ ನಮ್ಮ ಬೀದಿಯವರೆಲ್ಲ ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಅವಳು ಕೂರುವುದು ಅವರ ಅಡುಗೆಮನೆಯಲ್ಲಲ್ಲವಲ್ಲ, ಅದಕ್ಕೇ ಹೇಳುತ್ತಾರೆ. ಈದ್ ಹಬ್ಬದ ಬಿಸ್ಕತ್ತಿನ ಡಬ್ಬಿಗೆ ಒಂದು ಭೂತಗನ್ನಡಿ ಅಂಟಿಸಿ, ಮೇಲೆ ಮೊಬೈಲು ನಿಲ್ಲಿಸಿ, ಒಳಗೆ ಕೋಳಿತೊಡೆಯ ರಕ್ತನಾಳವನ್ನು ನನ್ನ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಗೆ ಸಿಕ್ಕಿಸಿ, ಕತ್ತರಿಸುತ್ತಾಳೆ, ಮತ್ತೆ ಹೊಲಿಯುತ್ತಾಳೆ. ಹೊಲಿದಾದ ಮೇಲೆ ಸಿರಿಂಜಿನಲ್ಲಿ ದಾಸವಾಳದ ಕೆಂಪು ಪಾನಕ ಹರಿಸುತ್ತಾಳೆ. ಎಲ್ಲಾದರೂ ಸೋರಿತೋ, ಕೆಳಗಿನ ಬಿಳಿ ಕಾಗದ ಕೆಂಪಾಗುತ್ತದೆ, ಅವಳ ಮುಖ ಕಪ್ಪಾಗುತ್ತದೆ.

ಈ ಡಬ್ಬಿಯ ಉಪಾಯ ಅವಳ ಆಸ್ಪತ್ರೆಯ ಹಿರಿಯ ಸರ್ಜನ್ ಡಾಕ್ಟರ್ ಇಗ್ಲಾಲ್ ಅವರದು. ಮೊದಲು ಕೋಳಿಯ ನಾಳ ಹೊಲಿಯಿರಿ, ಆಮೇಲೆ ಮನುಷ್ಯರದು ಎನ್ನುತ್ತಾರಂತೆ ಆಯಮ್ಮ. ಆ ಭಾನುವಾರ ಒಬ್ಬ ಕಿಡ್ನಿ ರೋಗಿಯ ಮಣಿಕಟ್ಟಿನಲ್ಲಿ ಡಯಾಲಿಸಿಸ್‌ಗಾಗಿ ಎರಡು ರಕ್ತನಾಳಗಳನ್ನು ಜೋಡಿಸಬೇಕಿತ್ತು. ಹೊಲಿಯುವುದು ನನ್ನ ಮಗಳೋ, ಅವಳ ಜೊತೆಯ ತಾಮೆರ್ ಎಂಬುವನೋ, ಇನ್ನೂ ತೀರ್ಮಾನವಾಗಿರಲಿಲ್ಲ. ಹನಾದಿಗೆ ಅದೊಂದೇ ಧ್ಯಾನ. ಊಟ ಸೇರದು, ಕೂತಲ್ಲಿ ಕೂರಳು, ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಟ. ನೋಡಿ ನೋಡಿ ನನ್ನ ತಲೆಯೂ ಕೆಟ್ಟಿತ್ತು.

ಅದಕ್ಕೇ ಶುಕ್ರವಾರ ಸಂಜೆ ಉಪವಾಸ ಬಿಡುವ ಇಫ್ತಾರಿನ ಊಟಕ್ಕೆ ಡಾಕ್ಟರ್ ಇಗ್ಲಾಲ್ ಅವರನ್ನು ಕರೆದೆ. ನನ್ನ ಮುಲೂಖಿಯಾ ಸೊಪ್ಪಿನ ಸಾರು ಉಂಡವರು ನನ್ನ ಮಾತು ತೆಗೆದುಹಾಕಿದ್ದಿಲ್ಲ. ಹನಾದಿ ಹಣೆ ಚಚ್ಚಿಕೊಂಡಳು, ಲಂಚ ಕೊಡ್ತೀಯಾ ಎಂದು ರೇಗಿದಳು. ಸೊಪ್ಪಿನ ಸಾರು ಲಂಚವಾದರೆ ಈ ಊರಿನ ಹೆಂಗಸರೆಲ್ಲ ಜೈಲಿನಲ್ಲಿರಬೇಕಿತ್ತು ಎಂದೆ.

ಶುಕ್ರವಾರ ಬೆಳಿಗ್ಗೆ ಅವಳು ಡಬ್ಬಿಯ ಮುಂದೆ ಕೂತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಅರ್ಧಕ್ಕೇ ಬಿಟ್ಟು ಎದ್ದು ಓಡಿದಳು. ನಾನು ಬಾಗಿಲ ಹಿಂದಿನ ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಂಡೆ. ಫ್ರಿಜ್ಜಿನಲ್ಲಿ ಚೀಲದಲ್ಲಿದ್ದ ಕೋಳಿತೊಡೆಗಳನ್ನು ತೊಳೆದು ಪಾತ್ರೆಗೆ ಹಾಕಿದೆ. ಒಂದು ತೊಡೆ ಒಳಗಡೆ ಸೀಳಿದ ಹಾಗಿತ್ತು. ಅಂಗಡಿಯವನ ಕೈ ಎಂದುಕೊಂಡೆ.

ಸಂಜೆ ಡಾಕ್ಟರ್ ಇಗ್ಲಾಲ್ ಬಂದು ಹೊರಗೆ ಕೂತರು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ಮಾತು ಕಡಿಮೆ. ನಾನು ಒಳಗೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಒಗ್ಗರಣೆಯನ್ನು ಸಾರಿಗೆ ಸುರಿದು, ನಮ್ಮ ಪದ್ಧತಿಯಂತೆ ಜೋರಾಗಿ ಉಸಿರೆಳೆದೆ. ಒಗ್ಗರಣೆ ಬಿದ್ದಾಗ ಹೆಂಗಸು ಹಾಗೆ ಉಸಿರೆಳೆಯದಿದ್ದರೆ ಮುಲೂಖಿಯಾಕ್ಕೆ ರುಚಿ ಬರುವುದಿಲ್ಲ. ಅದೇ ಹೊತ್ತಿಗೆ ನನ್ನ ಹಿಂದೆ ಇನ್ನೊಂದು ಉಸಿರು ಕೇಳಿಸಿತು. ಆಸ್ಪತ್ರೆಯಿಂದ ಬಂದಿದ್ದ ಹನಾದಿ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದಳು.

"ಅಮ್ಮಾ, ಇಲ್ಲಿದ್ದ ತೊಡೆ ಎಲ್ಲಿ?"

ನಾನು ಪಾತ್ರೆ ತೋರಿಸಿದೆ. ಬೆಳಿಗ್ಗೆ ಹೊಲಿಯುತ್ತಿದ್ದ ಸೂಜಿ ಎಲ್ಲಿಟ್ಟೆನೋ ನೆನಪಿಲ್ಲ ಎಂದಳು. ಡಬ್ಬಿಯಲ್ಲಿ ಸೂಜಿ ಚುಚ್ಚಿಡುವ ರಬ್ಬರು ಖಾಲಿ. ಹಾಗಾದರೆ ಮಾಂಸದಲ್ಲೇ ಇರಬೇಕು. ಕಣ್ಣಿನ ರೆಪ್ಪೆಗಿಂತ ಸಣ್ಣ ಸೂಜಿ, ಅಂಟಂಟಾದ ಹಸಿರು ಸಾರು.

ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು. ಡಾಕ್ಟರು ಖರ್ಜೂರ ತಿಂದು, ನೀರು ಕುಡಿದು, ನಮಾಜು ಮುಗಿಸಿ ಊಟಕ್ಕೆ ಕೂರುತ್ತೇನೆಂದು ಒಳಕೋಣೆಗೆ ಹೋದರು. ಹನಾದಿ ಬಾಯಿಗೆ ಒಂದು ಹನಿ ನೀರೂ ಹಾಕಿಕೊಳ್ಳದೆ, ಚಿಮಟ ಹಿಡಿದು ಪಾತ್ರೆಯ ಮೇಲೆ ಬಗ್ಗಿದಳು. ಹೊಲಿದ ತೊಡೆ ಸಿಕ್ಕಿತು, ದಾರ ಸಿಕ್ಕಿತು, ಸೂಜಿ ಮಾತ್ರ ಇಲ್ಲ. ಸೌಟಿನಲ್ಲಿ ಎತ್ತುತ್ತಾಳೆ, ಮೊಬೈಲಿನ ಬೆಳಕು ಬಿಡುತ್ತಾಳೆ, ಮತ್ತೆ ಸುರಿಯುತ್ತಾಳೆ. ಸೂಜಿಯ ಲೆಕ್ಕ ತಪ್ಪಿದವರಿಗೆ ಡಾಕ್ಟರ್ ಇಗ್ಲಾಲ್ ಆಪರೇಷನ್ನಿನಲ್ಲಿ ಸೂಜಿ ಹಿಡಿಯಲು ಕೊಡುವುದಿಲ್ಲ. ಇದು ನನಗೂ ಗೊತ್ತಿತ್ತು.

"ಹೇಳಿಬಿಡ್ತೀನಮ್ಮ," ಎಂದಳು.

"ಹೇಳಿದ್ರೆ ನಿನ್ನ ಭಾನುವಾರ ಹೋಯ್ತು."

"ಹೇಳದಿದ್ರೆ ಅವರ ಗಂಟಲಿಗೆ ಹೋಗುತ್ತೆ."

ಒಳಕೋಣೆಯಲ್ಲಿ ನಮಾಜಿನ ಚಾಪೆ ಮಡಿಸುವ ಸದ್ದಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥದ್ದೊಂದು ದಾರಿ ಬೇಕಿತ್ತು. ಉಪವಾಸದ ತಿಂಗಳಲ್ಲಿ ಅನ್ನ ಚೆಲ್ಲುವುದು ಎಂಥ ಪಾಪವೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ದೇವರೇ, ಮಗಳಿಗಾಗಿ, ಎಂದುಕೊಂಡು ಪಾತ್ರೆಯ ಹಿಡಿ ಹಿಡಿದು ನೆಲಕ್ಕೆ ಬಿಟ್ಟೆ.

ಢಣ್ ಎಂದಿತು. ಅಡುಗೆಮನೆಯ ತುಂಬ ಹಸಿರು. ಅಯ್ಯೋ ಕೈ ಜಾರಿತಲ್ಲಾ ಎಂದು ಗೋಳಾಡತೊಡಗಿದೆ. ಚೆನ್ನಾಗಿಯೇ ಗೋಳಾಡುತ್ತಿದ್ದೆ. ಆದರೆ ಡಾಕ್ಟರು ನಾನೆಣಿಸಿದ ಹಾಗೆ ಬಾಗಿಲಲ್ಲೇ ನಿಂತು ಸಮಾಧಾನ ಹೇಳುವ ಪೈಕಿಯಲ್ಲ. ಬರಿಗಾಲಲ್ಲಿ ಒಳಗೆ ಬಂದರು, ಹೋದರೆ ಹೋಗಲಿ ಬಿಡಿ ಎಂದರು, ಮೂಲೆಯ ಬಟ್ಟೆ ತೆಗೆದುಕೊಂಡು ಮಂಡಿಯೂರಿ ಒರೆಸಲು ಕೈ ಚಾಚಿದರು.

"ಮುಟ್ಟಬೇಡಿ ಡಾಕ್ಟ್ರೇ, ಅದರಲ್ಲಿ ಸೂಜಿ ಇದೆ," ಎಂದಳು ಹನಾದಿ.

ಚಾಚಿದ ಕೈ ಹಾಗೇ ನಿಂತಿತು. ಮಗಳು ಒಂದನ್ನೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ನಾನು ಬೇಕೆಂದೇ ಪಾತ್ರೆ ಬೀಳಿಸಿದ್ದನ್ನು ಮಾತ್ರ ಅವಳು ಹೇಳಲಿಲ್ಲ. ಡಾಕ್ಟರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಭಯವಾಯಿತು. ಕನ್ನಡಕ ಹಾಕಿಕೊಂಡು ನೆಲ ನೋಡಿದರು, ಮಗಳ ಅಂಗಿಯ ತೋಳು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಲ್ಲಾಡಬೇಡಿ, ಹನಾದಿ ಅಮ್ಮ."

ಚಿಮಟದಲ್ಲಿ ನನ್ನ ಏಪ್ರನ್ನಿನ ಎದೆಯಿಂದ ಏನನ್ನೋ ಎಳೆದರು. ಅದರ ಬಾಲದಲ್ಲಿ ಗೇಣುದ್ದವೂ ಇಲ್ಲದ ಕರಿ ದಾರ. ಬೆಳಿಗ್ಗೆ ಆ ಏಪ್ರನ್ ಕಟ್ಟಿಕೊಂಡು ಕೂತಿದ್ದವಳು ಹನಾದಿ. ಫೋನು ಬಂದಾಗ ದಾರ ಕತ್ತರಿಸಿ, ಸೂಜಿಯನ್ನು ಗೊತ್ತಿಲ್ಲದೆ ಎದೆಗೆ ಚುಚ್ಚಿಕೊಂಡು, ತೊಡೆಯನ್ನು ಫ್ರಿಜ್ಜಿನ ಚೀಲಕ್ಕೆ ತುರುಕಿ, ಏಪ್ರನ್ ಮೊಳೆಗೆ ಹಾಕಿ ಓಡಿದ್ದಳು. ದಿನವಿಡೀ ಅದನ್ನು ಹೊತ್ತು ತಿರುಗಿದವಳು ನಾನು.

"ಎದೆಗೆ ಸೂಜಿ ಚುಚ್ಕೊಳ್ಳೋದು ಎಲ್ಲಿ ಕಲಿತೆ?" ಎಂದು ಅವಳನ್ನು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ಚಿಕ್ಕವಳಿದ್ದಾಗ ಅವಳ ಶಾಲೆಯ ಅಂಗಿಗೆ ಗುಂಡಿ ಹಾಕುತ್ತ ಸೂಜಿಯನ್ನು ನಾನು ಇಡುತ್ತಿದ್ದದ್ದು ಅಲ್ಲೇ. ನನ್ನಮ್ಮನೂ ಅಲ್ಲೇ ಇಡುತ್ತಿದ್ದಳು.

ಸೂಜಿ ಸಿಕ್ಕಿತಲ್ಲ, ಇನ್ನೇನು, ಭಾನುವಾರ ಉಳಿಯಿತು ಎಂದು ನಾನು ಬಾಯಿ ಹಾಕಿದೆ. ಡಾಕ್ಟರು ನೆಲದಿಂದ ಆ ಹೊಲಿದ ತೊಡೆ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಲಿಗೆ ತಾಮೆರ್‌ನ ಹೊಲಿಗೆಗಿಂತ ಚೆನ್ನಾಗಿದೆ ಎಂದರು. ನನ್ನ ಜೀವ ಹೂವಾಯಿತು.

"ಆದರೂ ಭಾನುವಾರ ತಾಮೆರೇ ಹೊಲಿಯಲಿ," ಎಂದರು. "ನೀನು ಪಕ್ಕದಲ್ಲಿ ನಿಂತು ಸೂಜಿ ಎಣಿಸು. ಸೂಜಿ ಕಳೆದಿರಲಿಲ್ಲ, ನಿಜ. ಅದು ಎಲ್ಲಿದೆ ಅಂತ ನಿನಗೆ ಗೊತ್ತಿರಲಿಲ್ಲವಲ್ಲ."

ಹನಾದಿ ತಲೆಯಾಡಿಸಿದಳು. ನನಗೆ ತಡೆಯಲಾಗಲಿಲ್ಲ. ಇವಳಿಗೋಸ್ಕರ ತುಂಬಿದ ಪಾತ್ರೆಯನ್ನೇ ನೆಲಕ್ಕೆ ಬಿಟ್ಟೆನಲ್ಲ ಎಂದು ಬಾಯಿತಪ್ಪಿ ಅಂದುಬಿಟ್ಟೆ. ಮಗಳು ನನ್ನ ಮುಖ ನೋಡಲಿಲ್ಲ.

"ಅದು ನನಗೆ ಆಗಲೇ ಗೊತ್ತಾಯ್ತು," ಎಂದರು ಡಾಕ್ಟರು. "ಜಾರಿದ ಪಾತ್ರೆ ಅಷ್ಟು ನೆಟ್ಟಗೆ ಬೀಳಲ್ಲ."

ಮೂವರೂ ರೊಟ್ಟಿ, ಬಿಳಿ ಚೀಸು, ಬೇಯಿಸಿದ ಅವರೆ ತಿಂದೆವು. ಆಯಮ್ಮ ಎರಡನೆಯ ಸಲ ಬಡಿಸಿಕೊಂಡರು.

ಭಾನುವಾರ ಹನಾದಿ ಸೂಜಿ ಎಣಿಸಿ ಬಂದಳು. ತಾಮೆರ್‌ನ ಹೊಲಿಗೆ ಸೋರಲಿಲ್ಲವಂತೆ. ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಆ ಡಬ್ಬಿಯನ್ನು ಬಾಲ್ಕನಿಯಿಂದ ಬೀದಿಗೆ ಎಸೆಯಬೇಕೆನ್ನುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ. ಬಾಲ್ಕನಿಯಿಂದ ಹಗ್ಗದ ಬುಟ್ಟಿ ಇಳಿಸಿ ಕೆಳಗಿನ ಅಂಗಡಿಯಿಂದ ಕೋಳಿ ತರಿಸಿದೆ. ಒಗೆದ ಬಟ್ಟೆಯಿಂದ ಕ್ಲಿಪ್ಪು ಕಿತ್ತು ಡಬ್ಬಿಯ ಪಕ್ಕ ಇಟ್ಟೆ, ಏಪ್ರನ್ನನ್ನು ಬಚ್ಚಿಟ್ಟೆ.

ಸಂಜೆ ಅವಳು ಬಂದು ಕೂತು ಹೊಲಿದಳು. ದಾಸವಾಳದ ನೀರು ಹರಿಸಿದಳು, ಕಾಗದ ಬಿಳಿಯಾಗಿಯೇ ಉಳಿಯಿತು. ಡಬ್ಬಿ ಮುಚ್ಚಲು ಹೊರಟವಳ ಕೈಯನ್ನು ನಾನು ಹಿಡಿದೆ.

"ಸೂಜಿ ಎಷ್ಟು ತೆಗೆದಿದ್ದೆ?"

"ಒಂದಮ್ಮ. ರಬ್ಬರಲ್ಲಿದೆ."

"ತೋರಿಸು," ಎಂದೆ.